ಸಪ್ಪೊರೊ ಟ್ರಾಂ: 400 ಮೀಟರ್ ಹಳಿ ಹಾಕಲು 40 ವರ್ಷ ಯಾಕೆ ಬೇಕಾಯಿತು?

ಜಪಾನಿನ ಉತ್ತರ ತುದಿಯ ದೊಡ್ಡ ದ್ವೀಪ ಹೊಕ್ಕೈಡೊ. ಅದರ ಮುಖ್ಯ ಪಟ್ಟಣ ಸಪ್ಪೊರೊ. ಹೆಚ್ಚುಕಮ್ಮಿ 20 ಲಕ್ಷ ಜನ, ಮೂರು ಸುರಂಗ ಮೆಟ್ರೋ ಮಾರ್ಗ, ವರ್ಷಕ್ಕೆ ಸುಮಾರು ಐದು ಮೀಟರ್ ಹಿಮ. ಇಷ್ಟು ದೊಡ್ಡ ಊರಲ್ಲಿ ಈಗ ಉಳಿದಿರುವುದು ಒಂದೇ ಒಂದು ಪುಟ್ಟ ಟ್ರಾಂ ಮಾರ್ಗ. 2015ರ ಡಿಸೆಂಬರ್ 19ರವರೆಗೆ ಅದರ ಉದ್ದ 8.5 ಕಿ.ಮೀ. ಮಾರನೇ ದಿನದಿಂದ 8.9 ಕಿ.ಮೀ.

ಕೇವಲ 0.4 ಕಿ.ಮೀ. ಜಾಸ್ತಿಯಾಯಿತು, ಅಷ್ಟೇ. ಒಬ್ಬ ಮನುಷ್ಯ ಐದಾರು ನಿಮಿಷದಲ್ಲಿ ನಡೆದು ಮುಗಿಸುವ ದೂರ. ಆದರೆ ಈ ಚೂರು ಹಳಿ ಬಿದ್ದ ದಿನವೇ ಎರಡು ತುದಿಗಳಿದ್ದ ಮಾರ್ಗ ತುದಿಯೇ ಇಲ್ಲದ ಸುತ್ತಾಯಿತು. ಟ್ರಾಂ ಓಡಿಸುವ ರೀತಿ, ಜನ ಹತ್ತುವ ರೀತಿ, ರಸ್ತೆಯ ಹಂಚಿಕೆ ಎಲ್ಲವೂ ಬದಲಾದವು. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಹಿಡಿಯಿತು, ಮಾಡಿದ ಮೇಲೆ ಏನಾಯಿತು ಎಂದು ನೋಡೋಣ.

ಮೊದಲು ಊರಿನ ನಕ್ಷೆ ತಲೆಯಲ್ಲಿ ಇರಲಿ. ಸಪ್ಪೊರೊ ಹಳೆಯ ಊರಲ್ಲ. 1869ರ ನಂತರ ಸರ್ಕಾರ ಕಾಗದದ ಮೇಲೆ ಗೆರೆ ಎಳೆದು ಕಟ್ಟಿಸಿದ ಊರು. ಬೀದಿಗಳೆಲ್ಲ ಚೌಕಾಬಾರದ ಮನೆಗಳ ಹಾಗೆ. ಊರಿನ ನಡುವೆ ಪೂರ್ವ-ಪಶ್ಚಿಮವಾಗಿ ಓದೊರಿ ಎಂಬ ಉದ್ದನೆಯ ಉದ್ಯಾನ ಇದೆ. ಅದರಿಂದ ದಕ್ಷಿಣಕ್ಕೆ ಎಷ್ಟನೇ ಬೀದಿ, ಸೋಸೇ ಎಂಬ ಕಾಲುವೆಯಿಂದ ಪಶ್ಚಿಮಕ್ಕೆ ಎಷ್ಟನೇ ಬೀದಿ ಎಂದು ಹೇಳಿದರೆ ವಿಳಾಸ ಮುಗಿಯಿತು. ಟ್ರಾಂ ನಿಲ್ದಾಣಗಳ ಹೆಸರೂ ಹೀಗೆಯೇ: ನಿಶಿ 4 ಚೋಮೆ, ನಿಶಿ 8 ಚೋಮೆ, ನಿಶಿ 15 ಚೋಮೆ. ನಿಶಿ ಅಂದರೆ ಪಶ್ಚಿಮ, ಚೋಮೆ ಅಂದರೆ ಬೀದಿಗಳ ನಡುವಿನ ಒಂದು ಬ್ಲಾಕು. ಹೊಸಬರಿಗೂ ದಾರಿ ತಪ್ಪುವುದು ಕಷ್ಟ.

ಟ್ರಾಂ ಮಾರ್ಗ ನಿಶಿ 4 ಚೋಮೆಯಿಂದ ಹೊರಟು ಪಶ್ಚಿಮಕ್ಕೆ ಹೋಗುತ್ತದೆ. ನಿಶಿ 15 ಚೋಮೆ ದಾಟಿ ದಕ್ಷಿಣಕ್ಕೆ ತಿರುಗುತ್ತದೆ. ಮೊಇವಾ ಎಂಬ 531 ಮೀಟರ್ ಎತ್ತರದ ಬೆಟ್ಟದ ಬುಡದ ಹತ್ತಿರ ಪೂರ್ವಕ್ಕೆ ಹೊರಳುತ್ತದೆ. ಡಿಪೋ, ನಗರದ ಕೇಂದ್ರ ಗ್ರಂಥಾಲಯ, ಯಾಮಹಾನಾ ಬಡಾವಣೆ ಇವನ್ನೆಲ್ಲ ಹಾದು ಮತ್ತೆ ಉತ್ತರಕ್ಕೆ ಏರಿ ಸುಸುಕಿನೊ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಸುಸುಕಿನೊ ಅಂದರೆ ಹೋಟೆಲು, ಬಾರು, ದೀಪದ ಫಲಕಗಳ ರಾತ್ರಿ ಪೇಟೆ. ವಿಚಿತ್ರ ಏನೆಂದರೆ, ಹೊರಟ ನಿಶಿ 4 ಚೋಮೆ ಮತ್ತು ಮುಟ್ಟಿದ ಸುಸುಕಿನೊ ಒಂದೇ ಬೀದಿಯ ಮೇಲಿವೆ. ನಡುವೆ ನಾಲ್ಕೈದು ನೂರು ಮೀಟರ್ ಮಾತ್ರ.

ಪಶ್ಚಿಮದ ಬಡಾವಣೆಯವರೊಬ್ಬರು ಸುಸುಕಿನೊಗೆ ಹೋಗಬೇಕು ಅಂದುಕೊಳ್ಳಿ. ನಿಶಿ 4 ಚೋಮೆಯಲ್ಲಿ ಇಳಿದು ಹಿಮದಲ್ಲಿ ಕಾಲೆಳೆಯಬೇಕು. ಇಲ್ಲವೇ ಉಲ್ಟಾ ದಿಕ್ಕಿನ ಟ್ರಾಂ ಹತ್ತಿ ಊರಿನ ನೈಋತ್ಯ ಭಾಗವನ್ನೆಲ್ಲ ಸುತ್ತಿ ಬರಬೇಕು. ನಾಲ್ಕು ದಶಕ ಜನ ಹೀಗೆಯೇ ಓಡಾಡಿದರು.

ಈ ತುಂಡು ಮೊದಲಿನಿಂದಲೂ ಖಾಲಿ ಇತ್ತು ಅಂದುಕೊಳ್ಳಬೇಡಿ. ಅಲ್ಲಿ ಹಳಿ ಇತ್ತು. ಕಿತ್ತು ಹಾಕಿದ್ದು.

ಕಥೆ 1909ರಲ್ಲಿ ಶುರುವಾಗುತ್ತದೆ. ಊರು ಕಟ್ಟಲು ಬೇಕಾದ ಕಲ್ಲು ದಕ್ಷಿಣದ ಗಣಿಗಳಿಂದ ಬರುತ್ತಿತ್ತು. ಅದನ್ನು ಸಾಗಿಸಲು ಹಳಿಯ ಮೇಲೆ ಕುದುರೆ ಗಾಡಿ ಬಂತು. ಆಮೇಲೆ ಜನರೂ ಹತ್ತಿದರು. 1918ರ ಆಗಸ್ಟಿನಲ್ಲಿ ಹೊಕ್ಕೈಡೊದ 50 ವರ್ಷದ ವಸ್ತುಪ್ರದರ್ಶನ ನಡೆಯಿತು. ಆ ಸಮಯಕ್ಕೆ ವಿದ್ಯುತ್ ಟ್ರಾಂ ಓಡಬೇಕೆಂದು ಕಂಪನಿ ನಗೋಯಾದಿಂದ ಹಳೆಯ ಗಾಡಿಗಳನ್ನು ತಂದು ಓಡಿಸಿತು. ಸೆಕೆಂಡ್ ಹ್ಯಾಂಡ್ ಗಾಡಿಗಳಿಂದ ಶುರುವಾದ ಸೇವೆ ಅದು. 1927ರ ಡಿಸೆಂಬರಿನಲ್ಲಿ ನಗರಸಭೆಯೇ ಕಂಪನಿಯಿಂದ ಕೊಂಡುಕೊಂಡಿತು. ಯುದ್ಧದ ನಂತರ ಊರು ಬೆಳೆಯಿತು, ಹಳಿಯೂ ಬೆಳೆಯಿತು. 1960ರ ದಶಕದಲ್ಲಿ ಜಾಲ ಸುಮಾರು 25 ಕಿ.ಮೀ. ತಲುಪಿತ್ತು. ಉತ್ತರದ ಹೊಸ ಬಡಾವಣೆಗಳಿಗೆ ಮೇಲಿನ ತಂತಿ ಎಳೆಯುವ ಖರ್ಚು ಬೇಡ ಎಂದು ಡೀಸೆಲ್ ಎಂಜಿನ್ ಇರುವ ಟ್ರಾಂಗಳನ್ನೂ ಬಿಟ್ಟಿದ್ದರು. ಟ್ರಾಂ ಹುಚ್ಚಿನವರು ಇವತ್ತಿಗೂ ಅದರ ಬಗ್ಗೆ ಕಣ್ಣರಳಿಸಿ ಮಾತಾಡುತ್ತಾರೆ.

ಆಮೇಲೆ 1972ರ ಚಳಿಗಾಲದ ಒಲಿಂಪಿಕ್ಸ್ ಸಪ್ಪೊರೊಗೆ ಸಿಕ್ಕಿತು. ಅದಕ್ಕೆ ಎರಡು ತಿಂಗಳು ಮೊದಲು, 1971ರ ಡಿಸೆಂಬರ್ 16ರಂದು, ಮೊದಲ ಮೆಟ್ರೋ ಓಡಿತು. ರಬ್ಬರ್ ಟೈರಿನ, ಸದ್ದು ಕಮ್ಮಿಯ ರೈಲು. ಅದು ಹೋಗುವುದು ಊರಿನ ಮುಖ್ಯ ರಸ್ತೆಯಾದ ಎಕಿಮಾಎ ದೋರಿಯ ಕೆಳಗೆ. ಸಪ್ಪೊರೊ ರೈಲು ನಿಲ್ದಾಣದಿಂದ ಸುಸುಕಿನೊವರೆಗೆ ನೇರ ಹೋಗುವ ಬೀದಿ ಅದು. ಆ ಬೀದಿಯ ಕೆಳಗೆ ಓದೊರಿಯಿಂದ ಸುಸುಕಿನೊ ತನಕ ಪೋಲ್ ಟೌನ್ ಎಂಬ ನೆಲದಡಿ ಅಂಗಡಿ ಸಾಲೂ ಅದೇ ವರ್ಷ ತೆರೆಯಿತು. ಕೆಳಗೆ ರೈಲು, ನಡುವೆ ಅಂಗಡಿ, ಮೇಲೆ ಕಾರು. ಇನ್ನು ಟ್ರಾಂ ಯಾಕೆ? ಆ ಕಾಲದ ಜಪಾನಿನಲ್ಲಿ ಎಲ್ಲ ಊರಿನ ಅಧಿಕಾರಿಗಳೂ ಹೀಗೆಯೇ ಯೋಚಿಸುತ್ತಿದ್ದರು. ಒಂದು ಕಾಲಕ್ಕೆ 60ಕ್ಕೂ ಹೆಚ್ಚು ಊರುಗಳಲ್ಲಿ ಟ್ರಾಂ ಇದ್ದ ದೇಶದಲ್ಲಿ ಒಂದೊಂದೇ ಊರು ಹಳಿ ಕೀಳುತ್ತಾ ಬಂತು. ಸಪ್ಪೊರೊ ಕೂಡ 1971ರಿಂದ 1974ರ ನಡುವೆ ಬಹುಪಾಲು ಮಾರ್ಗ ಮುಚ್ಚಿತು. ಮುಖ್ಯ ರಸ್ತೆಯ ಮೇಲಿನ ಆ ತುಂಡೂ ಹೋಯಿತು.

ಮತ್ತೆ 8.5 ಕಿ.ಮೀ. ಯಾಕೆ ಉಳಿಯಿತು? ಸೀದಾ ಕಾರಣ ಇದೆ. ಮೆಟ್ರೋ ಆ ಕಡೆ ಹೋಗಲಿಲ್ಲ. ಮೊದಲ ಮಾರ್ಗ ಪೂರ್ವಕ್ಕಿತ್ತು. 1976ರಲ್ಲಿ ಬಂದ ಎರಡನೆಯದು ಉತ್ತರದಲ್ಲಿ ಪೂರ್ವ-ಪಶ್ಚಿಮವಾಗಿ ಹಾದುಹೋಯಿತು. 1988ರ ಮೂರನೆಯದೂ ಬೇರೆ ದಿಕ್ಕು ಹಿಡಿಯಿತು. ನೈಋತ್ಯದ ಬಡಾವಣೆಗಳಿಗೆ ಟ್ರಾಂ ಬಿಟ್ಟರೆ ಬಸ್ಸು ಮಾತ್ರ. ಅಲ್ಲಿ ಮನೆಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಹಾಗಾಗಿ ಜನ ಪೂರ್ತಿ ಕಮ್ಮಿಯಾಗಲಿಲ್ಲ. ಟ್ರಾಂ ಮೇಲೆ ಪ್ರೀತಿ ಇತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಪ್ರೀತಿಗಿಂತ ಅಗತ್ಯವೇ ಅದನ್ನು ಕಾಪಾಡಿದ್ದು.

ಆದರೂ 2000ದ ಹೊತ್ತಿಗೆ ಪ್ರಶ್ನೆ ಮತ್ತೆ ಬಂತು. ಗಾಡಿಗಳು ಹಳತಾಗಿದ್ದವು, ಹಳಿ ಸವೆದಿತ್ತು, ಕೈಗೆ ದುಡ್ಡು ಹತ್ತುತ್ತಿರಲಿಲ್ಲ. ಮುಚ್ಚಬೇಕೋ, ಉಳಿಸಬೇಕೋ? 2005ರಲ್ಲಿ ಮೇಯರ್ ಉಎದಾ ಫುಮಿಯೊ ಉಳಿಸುವ ತೀರ್ಮಾನ ಪ್ರಕಟಿಸಿದರು. ಉಳಿಸುವುದಾದರೆ ಸುಮ್ನೆ ಇದ್ದಂತೆ ಇಟ್ಟುಕೊಂಡು ಪ್ರಯೋಜನ ಇಲ್ಲ. ಎರಡು ತುದಿ ಜೋಡಿಸುವ ಹಳೆಯ ಆಸೆ ಆಗ ನಿಜವಾದ ಯೋಜನೆಯಾಯಿತು. ಅಲ್ಲಿಂದ ಹಳಿ ಬೀಳಲು ಮತ್ತೆ ಹತ್ತು ವರ್ಷ.

ಇಲ್ಲಿ ಒಂದು ಮಾತು. ಜಪಾನಿನಲ್ಲಿ ರೈಲಿಗೆ ಒಂದು ಕಾನೂನು, ರಸ್ತೆಯಲ್ಲಿ ಓಡುವ ಟ್ರಾಂಗೆ ಇನ್ನೊಂದು. ಟ್ರಾಂ ಕಾನೂನು 1921ರದ್ದು. ರಸ್ತೆಯಲ್ಲಿ ಓಡುವಾಗ ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ, ಗಾಡಿಯ ಉದ್ದ 30 ಮೀಟರ್ ದಾಟುವಂತಿಲ್ಲ. ರಸ್ತೆ ಎಲ್ಲರದ್ದೂ. ಟ್ರಾಂ ಅಲ್ಲಿ ಒಬ್ಬ ಪಾಲುದಾರ ಮಾತ್ರ. ಹೊಸ ಹಳಿ ಹಾಕುವುದೆಂದರೆ ರಸ್ತೆ ಇಲಾಖೆ, ಪೊಲೀಸರು, ಅಂಗಡಿಯವರು, ಟ್ಯಾಕ್ಸಿಯವರು, ಸಾಮಾನಿನ ಲಾರಿಯವರು ಎಲ್ಲರೊಡನೆ ಜಾಗಕ್ಕಾಗಿ ಮಾತಾಡಬೇಕು. ಖಾಲಿ ಬಯಲಲ್ಲಿ ನಾಲ್ಕು ಕಿಲೋಮೀಟರ್ ಹಾಕುವುದು ಸುಲಭ. ಪೇಟೆಯ ನಡುವೆ 400 ಮೀಟರ್ ಹಾಕುವುದೇ ಕಷ್ಟ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಳಿಯನ್ನು ರಸ್ತೆಯಲ್ಲಿ ಎಲ್ಲಿ ಹಾಕಬೇಕು?

ಟ್ರಾಂ ಇರುವ ಹೆಚ್ಚಿನ ಊರುಗಳಲ್ಲಿ ಎರಡು ಜೋಡಿ ಹಳಿಗಳೂ ರಸ್ತೆಯ ನಟ್ಟನಡುವೆ ಇರುತ್ತವೆ. ಸಪ್ಪೊರೊದ ಹಳೆಯ ಮಾರ್ಗವೂ ಹಾಗೆಯೇ. ಹತ್ತಬೇಕಾದರೆ ರಸ್ತೆಯ ಅರ್ಧ ದಾಟಿ ನಡುವಿನ ಕಿರಿದಾದ ಕಟ್ಟೆಯ ಮೇಲೆ ನಿಲ್ಲಬೇಕು. ಒಂದು ಕಡೆ ಕಾರುಗಳು, ಇನ್ನೊಂದು ಕಡೆ ಹಳಿ. ಜನವರಿಯಲ್ಲಿ ಕಾಲಡಿ ಗಟ್ಟಿ ಮಂಜುಗಡ್ಡೆ. ಕೈಯಲ್ಲಿ ಚೀಲ ಹಿಡಿದ ಅಜ್ಜಿಗೆ, ಮಗುವಿನ ತಳ್ಳುಗಾಡಿ ಇರುವ ತಾಯಿಗೆ ಆ ಕಟ್ಟೆ ತಲುಪುವುದೇ ಒಂದು ಸಾಹಸ.

ಹೊಸ ತುಂಡಿನಲ್ಲಿ ಇದನ್ನು ತಿರುಗಿಸಿದರು. ಎರಡು ಜೋಡಿ ಹಳಿಗಳನ್ನೂ ಬೇರೆ ಬೇರೆ ಮಾಡಿ ರಸ್ತೆಯ ಎರಡು ಅಂಚಿಗೆ ತಂದರು. ಫುಟ್‌ಪಾತ್ ಪಕ್ಕವೇ ಟ್ರಾಂ ಬಂದು ನಿಲ್ಲುತ್ತದೆ. ದಕ್ಷಿಣಕ್ಕೆ ಹೋಗುವುದು ಪೂರ್ವದ ಅಂಚಿನಲ್ಲಿ, ಉತ್ತರಕ್ಕೆ ಹೋಗುವುದು ಪಶ್ಚಿಮದ ಅಂಚಿನಲ್ಲಿ. ನಡುವೆ ತನುಕಿಕೋಜಿ ಎಂಬ ಒಂದು ಹೊಸ ನಿಲ್ದಾಣ. ಮೇಲೆ ಸೂರು ಹೊದಿಸಿದ, ಒಂದು ಕಿಲೋಮೀಟರಿಗೆ ಹತ್ತಿರದ ಉದ್ದದ ಹಳೆಯ ಅಂಗಡಿ ಬೀದಿಯ ಹೆಸರು ಅದು. ಆ ಬೀದಿಯಿಂದ ಹೊರಬಂದರೆ ನಿಲ್ದಾಣ ಅಲ್ಲೇ. ಒಟ್ಟು ನಿಲ್ದಾಣ 23 ಇದ್ದದ್ದು 24 ಆಯಿತು.

ಹತ್ತುವವರಿಗೆ ಇದು ಬಹಳ ಚೆನ್ನ. ಆದರೆ ರಸ್ತೆಯ ಅಂಚು ಅನ್ನುವುದು ಯಾವ ಪೇಟೆಯಲ್ಲೂ ಬಿಡುವಾಗಿರುವ ಜಾಗವಲ್ಲ. ಟ್ಯಾಕ್ಸಿ ನಿಲ್ಲುವುದು ಅಲ್ಲಿ. ಅಂಗಡಿಗೆ ಸಾಮಾನು ಇಳಿಸುವುದು ಅಲ್ಲಿ. ಸುಸುಕಿನೊ ಬೇರೆ ರಾತ್ರಿ ಪೇಟೆ. ಬಾರು ಮುಚ್ಚುವ ಹೊತ್ತಿಗೆ ಟ್ಯಾಕ್ಸಿಗಳ ಸಾಲು ಬೀಳುವ ಜಾಗ. ಹಳಿಯ ಮೇಲೆ ಒಂದು ಕಾರು ಎರಡು ನಿಮಿಷ ನಿಂತರೂ ಹಿಂದಿನ ಟ್ರಾಂ ಅಲ್ಲೇ ನಿಲ್ಲಬೇಕು. ಬಸ್ಸಿನ ಹಾಗೆ ಸ್ಟೀರಿಂಗ್ ತಿರುಗಿಸಿ ಪಕ್ಕದಿಂದ ಹೋಗೋಣ ಅನ್ನುವ ಹಾಗಿಲ್ಲ. ಹಾಗಾಗಿ ಸಾಮಾನು ಇಳಿಸಲು ಎಲ್ಲಿ, ಟ್ಯಾಕ್ಸಿ ಎಲ್ಲಿ ಎಂದು ಮೊದಲೇ ತೀರ್ಮಾನವಾಗಬೇಕಿತ್ತು. ಇನ್ನೊಂದು ತೊಡಕು ತಿರುವಿನದು. ಜಪಾನಿನಲ್ಲೂ ನಮ್ಮ ಹಾಗೆ ವಾಹನಗಳು ಎಡಬದಿಯಲ್ಲಿ ಹೋಗುತ್ತವೆ. ಎಡಕ್ಕೆ ತಿರುಗುವ ಕಾರಿನ ಎಡಗಡೆಯೇ ಟ್ರಾಂ ನೇರ ಹೋಗುತ್ತಿರುತ್ತದೆ. ಎರಡಕ್ಕೂ ಒಟ್ಟಿಗೆ ಹಸಿರು ಕೊಟ್ಟರೆ ಡಿಕ್ಕಿ ಗ್ಯಾರಂಟಿ. ಸಿಗ್ನಲ್ ಸಮಯವನ್ನು ಬೇರೆ ಬೇರೆ ಮಾಡಲೇಬೇಕು. ಹೀಗೆ ಒಂದೊಂದು ಅಡ್ಡರಸ್ತೆಗೂ ಒಂದೊಂದು ಲೆಕ್ಕ.

ಇಷ್ಟೆಲ್ಲ ಆದ ಮೇಲೂ ಒಂದು ಆಕ್ಷೇಪ ಉಳಿದೇ ಇತ್ತು. ಅದರಲ್ಲಿ ಹುರುಳೂ ಇತ್ತು. ಅದೇ ಬೀದಿಯ ಕೆಳಗೆ ಮೆಟ್ರೋ ಇದೆ, ಓದೊರಿಯಿಂದ ಸುಸುಕಿನೊಗೆ ಒಂದೇ ಸ್ಟೇಷನ್. ಬೆಚ್ಚಗೆ ನಡೆದು ಹೋಗಲು ಪೋಲ್ ಟೌನ್ ಇದೆ. ಮೂರನೇ ದಾರಿ ಯಾಕೆ? ಈ 400 ಮೀಟರನ್ನು ಮಾತ್ರ ನೋಡಿದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಆ ತುಂಡಿನಲ್ಲಿ ಹತ್ತಿ ಆ ತುಂಡಿನಲ್ಲೇ ಇಳಿಯುವವರಿಗಾಗಿ ಅದನ್ನು ಹಾಕಿದ್ದಲ್ಲ. ಪಶ್ಚಿಮದವರು ಬದಲಾಯಿಸದೆ ಸುಸುಕಿನೊಗೆ ಬರಲಿ, ಯಾಮಹಾನಾದವರು ಬದಲಾಯಿಸದೆ ನಿಶಿ 4 ಚೋಮೆಗೆ ಬರಲಿ ಎಂದು ಹಾಕಿದ್ದು. ಜೊತೆಗೆ ನೆಲದಡಿಯ ಬೀದಿಗೆ ಇಳಿದ ಜನ ಮೇಲಿನ ಅಂಗಡಿಗಳನ್ನು ನೋಡುವುದೇ ಇಲ್ಲ. 2011ರಲ್ಲಿ ರೈಲು ನಿಲ್ದಾಣದಿಂದ ಓದೊರಿವರೆಗೂ ನೆಲದಡಿ ಕಾಲುದಾರಿ ಬಂದ ಮೇಲೆ ಜನ ಇನ್ನೂ ಕೆಳಗೆ ಇಳಿದರು. ಮೇಲಿನ ಬೀದಿಯಲ್ಲೂ ನಾಲ್ಕು ಜನ ಓಡಾಡಲಿ ಎಂಬ ಆಸೆ ಈ ಯೋಜನೆಯ ಹಿಂದೆ ಇತ್ತು.

ಈಗ ಸುತ್ತಾದ ಮೇಲೆ ಓಡಿಸುವವರ ಕಷ್ಟ ನೋಡಿ. ಇದು ಹೊರಗಿನವರಿಗೆ ಕಾಣುವುದಿಲ್ಲ.

ಎರಡು ತುದಿ ಇರುವ ಮಾರ್ಗದಲ್ಲಿ ತುದಿಯೇ ಒಂದು ಉಸಿರು ತೆಗೆದುಕೊಳ್ಳುವ ಜಾಗ. ಟ್ರಾಂ ನಾಲ್ಕು ನಿಮಿಷ ತಡವಾಗಿ ಬಂತು ಅನ್ನಿ. ತುದಿಯಲ್ಲಿ ಆರು ನಿಮಿಷ ನಿಲ್ಲುವ ಬದಲು ಎರಡು ನಿಮಿಷ ನಿಂತು ಹೊರಡುತ್ತದೆ. ತಡ ಅಲ್ಲಿಗೆ ಮುಗಿಯಿತು. ಸುತ್ತು ಮಾರ್ಗದಲ್ಲಿ ತುದಿಯೇ ಇಲ್ಲ. ಬೆಳಗ್ಗೆ ಬಿದ್ದ ತಡ ಸುತ್ತುತ್ತಲೇ ಇರುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ ಅದು ಬೆಳೆಯುತ್ತದೆ. ತಡವಾದ ಗಾಡಿಗೆ ಪ್ರತಿ ನಿಲ್ದಾಣದಲ್ಲೂ ಜಾಸ್ತಿ ಜನ ಕಾದಿರುತ್ತಾರೆ. ಅವರು ಹತ್ತಿ ಇಳಿಯಲು ಜಾಸ್ತಿ ಹೊತ್ತು ಬೇಕು. ಹಾಗಾಗಿ ಇನ್ನಷ್ಟು ತಡ. ಹಿಂದಿನ ಗಾಡಿಗೆ ಜನವೇ ಇರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಹತ್ತುತ್ತದೆ. ಕೊನೆಗೆ ಎರಡು ಟ್ರಾಂ ಒಟ್ಟಿಗೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸಿಟಿ ಬಸ್ಸಿಗೆ ಕಾದವರಿಗೆಲ್ಲ ಇದು ಗೊತ್ತಿರುವ ಸಂಕಟವೇ.

ಇದಕ್ಕೆ ಮದ್ದು ಏನು? ವೇಳಾಪಟ್ಟಿಯಲ್ಲೇ ಸ್ವಲ್ಪ ಸಡಿಲ ಇಡುವುದು. ಬೇಗ ಬಂದ ಗಾಡಿಯನ್ನು ಕೆಲವು ನಿಲ್ದಾಣಗಳಲ್ಲಿ ಅರ್ಧ ನಿಮಿಷ, ಒಂದು ನಿಮಿಷ ನಿಲ್ಲಿಸಿಕೊಳ್ಳುವುದು. ಡಿಪೋ ಮುಂದಿನ ನಿಲ್ದಾಣ ಇದಕ್ಕೆ ಅನುಕೂಲ. ಅಲ್ಲಿ ಗಾಡಿಯನ್ನು ಒಳಗೆ ಎಳೆದುಕೊಳ್ಳಬಹುದು, ಹೊಸದನ್ನು ಬಿಡಬಹುದು. ಒಂದು ಪೂರ್ತಿ ಸುತ್ತಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಪ್ರಯಾಣಿಕರಿಗೆ ಮಾತ್ರ ಲೆಕ್ಕ ಸರಳ: ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಗುವುದು ಹೊರಸುತ್ತು, ಎದುರು ದಿಕ್ಕಿನದು ಒಳಸುತ್ತು. ಎಡಬದಿಯ ಸಂಚಾರ ಇರುವುದರಿಂದ ಹೊರಸುತ್ತಿನ ಹಳಿ ನಿಜವಾಗಿಯೂ ಹೊರಗಡೆಯೇ ಇರುತ್ತದೆ.

ಟಿಕೆಟ್ ವಿಷಯದಲ್ಲಿ ಸುತ್ತು ಮಾರ್ಗ ಒಂದು ತಲೆನೋವು ತರಬಹುದಿತ್ತು. ದೂರಕ್ಕೆ ತಕ್ಕ ದರ ಇದ್ದಿದ್ದರೆ ಯಾವ ದಿಕ್ಕಿನಿಂದ ಅಳೆಯುವುದು? ಇಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ಒಂದೇ ದರ. ಸುತ್ತಾದಾಗ 170 ಯೆನ್ ಇತ್ತು, 2017ರಲ್ಲಿ 200 ಆಯಿತು, ಮುಂದೆ ಇನ್ನೂ ಏರಿದೆ. ನಡುವಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಡ್ರೈವರ್ ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು ಅಥವಾ ಕಾರ್ಡ್ ತೋರಿಸಬೇಕು. ಕಂಡಕ್ಟರ್ ಇಲ್ಲ.

ಗಾಡಿಗಳೂ ಬದಲಾದವು. ಹಳೆಯವುಗಳಿಗೆ ಮೆಟ್ಟಿಲು ಹತ್ತಬೇಕು. 2013ರಲ್ಲಿ ಪೋಲಾರಿಸ್ ಎಂಬ ಮೂರು ತುಂಡಿನ ತಗ್ಗು ನೆಲದ ಗಾಡಿ ಬಂತು. 2018ರಲ್ಲಿ ಸಿರಿಯಸ್ ಎಂಬ ಒಂಟಿ ಗಾಡಿ ಬಂತು. ಗಾಲಿಕುರ್ಚಿಯವರೂ ಕಟ್ಟೆಯಿಂದ ಸಲೀಸಾಗಿ ಒಳಗೆ ಬರಬಹುದು. ಫುಟ್‌ಪಾತ್ ಪಕ್ಕದ ಹಳಿ, ತಗ್ಗು ನೆಲದ ಗಾಡಿ ಎರಡೂ ಸೇರಿದರೆ ಮಾತ್ರ ಒಂದಕ್ಕೊಂದು ಅರ್ಥ.

ಹಿಮದ ಮಾತಿಲ್ಲದೆ ಸಪ್ಪೊರೊ ಟ್ರಾಂ ಕಥೆ ಮುಗಿಯುವುದಿಲ್ಲ. ಟ್ರಾಂ ಹಳಿಯ ಒಳಬದಿಯಲ್ಲಿ ಚಕ್ರದ ಅಂಚು ಕೂರಲು ಒಂದು ತೋಡು ಇರುತ್ತದೆ. ಅದರಲ್ಲಿ ಹಿಮ ತುಂಬಿ ಗಟ್ಟಿಯಾದರೆ ಚಕ್ರ ಹಳಿ ಬಿಟ್ಟು ಮೇಲೇಳುತ್ತದೆ. ಕಬ್ಬಿಣದ ಸಲಿಕೆ ಮೇಲಿನ ಹಿಮ ತಳ್ಳುತ್ತದೆ, ತೋಡಿನೊಳಗೆ ಹೋಗುವುದಿಲ್ಲ. ಅದಕ್ಕೆ ಅವರು ಹುಡುಕಿಕೊಂಡ ದಾರಿ ಬಿದಿರು. ಟ್ರಾಂ ಕಂಪನಿಯ ಎಂಜಿನಿಯರ್ ಸುಕೆಗಾವಾ ಸದತೋಶಿ 1920ರ ದಶಕದಲ್ಲಿ ರೂಪಿಸಿದ ಗಾಡಿಗೆ ಸಸಾರಾ ಗಾಡಿ ಎಂದು ಹೆಸರು. ನಮ್ಮ ತೆಂಗಿನ ಕಡ್ಡಿ ಪೊರಕೆಯ ಹಾಗೆ ಸೀಳಿದ ಬಿದಿರನ್ನು ಬಿಗಿಯಾಗಿ ಕಟ್ಟಿರುತ್ತಾರೆ. ಅಂಥ ಸುಮಾರು 800 ಕಟ್ಟುಗಳನ್ನು ಗಾಡಿಯ ಹಿಂದೆ ಮುಂದೆ ಉರುಳೆಗಳಿಗೆ ಜೋಡಿಸಿರುತ್ತಾರೆ. ಗಾಡಿ ಓಡುವಾಗ ಉರುಳೆ ಗರಗರ ತಿರುಗಿ ಹಿಮವನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ. ಬಿದಿರು ಬಾಗುತ್ತದೆ, ತೋಡಿನೊಳಗೂ ಹೋಗುತ್ತದೆ, ರಸ್ತೆಯ ಮೈಯನ್ನು ಕಿತ್ತು ಹಾಕುವುದಿಲ್ಲ. ಹೊಕ್ಕೈಡೊದ ಹಿಮ ಒಣ ಪುಡಿಯ ಹಾಗಿರುವುದರಿಂದ ಗುಡಿಸಿದರೆ ಹೋಗುತ್ತದೆ. ಬಿದಿರು ಬೇಗ ಸವೆಯುತ್ತದೆ, ಚಳಿಗಾಲದಲ್ಲಿ ಮತ್ತೆ ಮತ್ತೆ ಬದಲಿಸಬೇಕು. ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತಿಗೆ, ಮೊದಲ ಟ್ರಾಂ ಬಿಡುವ ಮುಂಚೆ, ಸಸಾರಾ ಗಾಡಿಗಳು ಡಿಪೋದಿಂದ ಹೊರಡುತ್ತವೆ. ಇಂಥ ಗಾಡಿ ಈಗ ಇರುವುದು ಹೊಕ್ಕೈಡೊದ ಎರಡು ಊರುಗಳಲ್ಲಿ ಮಾತ್ರ, ಇಲ್ಲಿ ಮತ್ತು ಹಕೊದಾತೆಯಲ್ಲಿ.

ಅಂಚಿಗೆ ಹಾಕಿದ ಹೊಸ ಹಳಿ ಈ ಗುಡಿಸುವ ಕೆಲಸಕ್ಕೂ ಹೊಸ ಪ್ರಶ್ನೆ ತಂತು. ಹಿಮದೂರುಗಳಲ್ಲಿ ರಸ್ತೆಯ ಹಿಮವನ್ನು ತಳ್ಳಿ ಅಂಚಿನಲ್ಲಿ ರಾಶಿ ಹಾಕುವುದು ರೂಢಿ. ಇಲ್ಲಿ ಅಂಚಿನಲ್ಲೇ ಟ್ರಾಂ ಇದೆ. ಆ ಬೀದಿಯಲ್ಲಿ ರಾಶಿ ಹಾಕುವಂತಿಲ್ಲ, ಹೊತ್ತುಕೊಂಡೇ ಹೋಗಬೇಕು.

ಸುತ್ತಾದ ಮೇಲೆ ಪ್ರಯಾಣಿಕರು ಹೆಚ್ಚಾದರು. ಆದರೆ ಜನ ಹೆಚ್ಚಾದ ಮಾತ್ರಕ್ಕೆ ಖಾತೆ ಸರಿಹೋಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ನಗರ ಇನ್ನೊಂದು ಬದಲಾವಣೆ ಮಾಡಿತು. ಹಳಿ, ತಂತಿ, ಗಾಡಿ ಇವೆಲ್ಲ ನಗರದ್ದೇ ಆಸ್ತಿ. ಓಡಿಸುವ ಕೆಲಸ ಮಾತ್ರ ನಗರದ ಕೈಕೆಳಗಿನ ಸಾರಿಗೆ ನಿಗಮಕ್ಕೆ. ಜಪಾನಿನಲ್ಲಿ ಬೇರೆ ಊರುಗಳೂ ಈ ಪದ್ಧತಿ ಹಿಡಿದಿವೆ. ಇದರ ಹಿಂದಿನ ಯೋಚನೆ ಇಷ್ಟೇ: ರಸ್ತೆ ರಿಪೇರಿಯ ಖರ್ಚನ್ನು ಬಸ್ ಕಂಪನಿ ಟಿಕೆಟ್ ದುಡ್ಡಿನಲ್ಲಿ ಕೊಡುವುದಿಲ್ಲ. ಹಾಗಿದ್ದರೆ ಹಳಿಯ ಖರ್ಚನ್ನೆಲ್ಲ ಟ್ರಾಂ ಟಿಕೆಟ್ಟಿನಿಂದಲೇ ಯಾಕೆ ವಸೂಲು ಮಾಡಬೇಕು? ಈ ವಾದ ನನಗೆ ಸರಿ ಅನ್ನಿಸುತ್ತದೆ. ಆದರೆ ಕಾರ್ಯಾಚರಣೆಯ ನಷ್ಟ ಇದರಿಂದ ಮಾಯವಾಗುವುದಿಲ್ಲ. ಯಾವ ಖರ್ಚು ಯಾರದ್ದು ಎಂದು ಸ್ಪಷ್ಟವಾಗುತ್ತದೆ, ಅಷ್ಟೇ. ಈ ಪದ್ಧತಿ ಶುರುವಾದ ಹೊತ್ತಿಗೇ ಕೊರೊನಾ ಬಂದು ಜನ ಮನೆಯಲ್ಲೇ ಉಳಿದರು. ಆ ಗ್ರಹಚಾರಕ್ಕೆ ಯಾವ ಪದ್ಧತಿಯೂ ಮದ್ದಲ್ಲ.

ಸುತ್ತು ಪೂರ್ತಿಯಾದಾಗ ಎಲ್ಲರ ಬಾಯಲ್ಲೂ ಮುಂದಿನ ಪ್ರಶ್ನೆ ಇತ್ತು: ಹಾಗಾದರೆ ರೈಲು ನಿಲ್ದಾಣದವರೆಗೂ ಎಳೆಯಬಾರದೇಕೆ? ನಿಶಿ 4 ಚೋಮೆಯಿಂದ ಉತ್ತರಕ್ಕೆ ಅದೇ ಬೀದಿ ನೇರ ಹೋಗುತ್ತದಲ್ವಾ? ರೈಲು ನಿಲ್ದಾಣದ ಕಡೆ, ಕಾಲುವೆಯ ಆಚೆಯ ಪೂರ್ವದ ಕಡೆ, ಇನ್ನೂ ಬೇರೆ ದಿಕ್ಕಿಗೆ ವಿಸ್ತರಿಸುವ ಬಗ್ಗೆ ನಗರ ಯೋಚಿಸಿದ್ದೂ ಇದೆ. ಆದರೆ ಸುತ್ತಿಗೆ ಒಂದು ಬಾಲ ಸೇರಿಸಿದ ಕೂಡಲೇ ಲೆಕ್ಕ ಮತ್ತೆ ಗೋಜಲಾಗುತ್ತದೆ. ಕೆಲವು ಗಾಡಿ ಸುತ್ತುತ್ತವೆ, ಕೆಲವು ಬಾಲಕ್ಕೆ ಹೋಗುತ್ತವೆ. ಸುತ್ತುವವುಗಳ ನಡುವಿನ ಅಂತರ ಕಾಪಾಡುವುದು ಇನ್ನೂ ಕಷ್ಟವಾಗುತ್ತದೆ. ಗಾಡಿ ಜಾಸ್ತಿ ಬೇಕು, ಡ್ರೈವರುಗಳು ಜಾಸ್ತಿ ಬೇಕು. ಜಪಾನಿನಲ್ಲಿ ಈಗ ಬಸ್ಸಿಗೂ ಟ್ರಾಂಗೂ ಡ್ರೈವರುಗಳೇ ಸಿಗುತ್ತಿಲ್ಲ. ಕೆಳಗೆ ಮೆಟ್ರೋ ಇದೆ, ಅದರ ಜೊತೆಗೆ 2011ರ ಕಾಲುದಾರಿಯೂ ಇದೆ. ಸುಸುಕಿನೊ ತುಂಡಿಗೆ ಬಂದ ಆಕ್ಷೇಪವೇ ಅಲ್ಲಿ ದುಪ್ಪಟ್ಟು ಜೋರಾಗಿ ಬರುತ್ತದೆ. ಅದನ್ನು ಮೀರಿಸಲು ಈ ಕಡೆ ಇದ್ದ ಉತ್ತರ, ಅಂದರೆ ಎರಡು ತುದಿ ಜೋಡಿಸುವ ಲಾಭ, ಆ ಕಡೆ ಇಲ್ಲ.